ಗಣಿ ತ್ಯಾಜ್ಯದಿಂದ ಗಿಡಗಳ ಮೂಲಕ ಲೋಹ ತೆಗೆಯುವುದು ಹೇಗೆ? ಮಣ್ಣು ಪರೀಕ್ಷೆಯಿಂದ ಬೂದಿಯವರೆಗೆ ಸಮಗ್ರ ಮಾರ್ಗದರ್ಶಿ

ಗಿಡ ನೆಟ್ಟೆವು, ಚೆನ್ನಾಗಿ ಬೆಳೆಯಿತು, ಕೊಯ್ದು ಸುಟ್ಟೆವು, ಬೂದಿಯಲ್ಲಿ ಹೇಳಿಕೊಳ್ಳುವಷ್ಟು ಲೋಹ ಸಿಗಲಿಲ್ಲ. ಮಣ್ಣಿನ ಲೋಹವನ್ನು ಎಲೆಗೆ ಹೀರುವ ಗಿಡ ಬೆಳೆಸಿ, ಸುಟ್ಟು, ಬೂದಿಯಿಂದ ಲೋಹ ತೆಗೆಯುವ ಕೆಲಸಕ್ಕೆ ಕೈ ಹಾಕಿದ ಬಹಳ ಜನರ ಕಥೆ ಇದು. ಇನ್ನು ಕೆಲವರದ್ದು ಇನ್ನೂ ಚಿಕ್ಕ ಕಥೆ: ನೆಟ್ಟೆವು, ಒಣಗಿಹೋಯಿತು. ಎರಡಕ್ಕೂ ಕಾರಣ ಸಾಮಾನ್ಯವಾಗಿ ಒಂದೇ. ಗಿಡವನ್ನು ಮೊದಲು ಆರಿಸಿ, ತ್ಯಾಜ್ಯವನ್ನು ಆಮೇಲೆ ನೋಡಿರುತ್ತಾರೆ.

ಹಾಗಾಗಿ ಇಲ್ಲಿ ಹಂತಗಳ ಕ್ರಮಕ್ಕೇ ಜಾಸ್ತಿ ಒತ್ತು ಕೊಟ್ಟಿದ್ದೇನೆ. ಬೀಜದ ಮಾತು ಬರುವುದು 5ನೇ ಹಂತದಲ್ಲಿ. ಅದಕ್ಕಿಂತ ಮೊದಲಿನದನ್ನು ದಾಟಿಸಿ ಓದಬೇಡಿ. 3ನೇ ಹಂತದ ಲೆಕ್ಕ ಕೂಡಿ ಬರದಿದ್ದರೆ ಅಲ್ಲೇ ನಿಲ್ಲಿಸಿ. ಒಂದೆರಡು ವರ್ಷದ ಶ್ರಮ ಉಳಿಯುತ್ತದೆ.

## ಮೊದಲು ಜೋಡಿಸಿಕೊಳ್ಳಬೇಕಾದ ಸಾಮಾನು

ಹೊಲದ ಕೆಲಸಕ್ಕೆ: ಪ್ಲಾಸ್ಟಿಕ್ ಅಥವಾ ಮರದ ಸಲಿಕೆ, 2 ಮಿ.ಮೀ. ಜರಡಿ, ಹುಳಿ ಅಳೆಯುವ ಪಿಎಚ್ ಮೀಟರ್, ಉಪ್ಪಿನಂಶ ಅಳೆಯುವ ಇಸಿ ಮೀಟರ್, ಕುಂಡಗಳು ಮತ್ತು ಅವುಗಳ ಕೆಳಗಿಡುವ ತಟ್ಟೆಗಳು, ತಾಡಪಾಲು, ಕಾಗದದ ಚೀಲ, ಅಳಿಸದ ಮಾರ್ಕರ್.

ಮೈಗೆ: ಸಣ್ಣ ಧೂಳು ತಡೆಯುವ ಮಾಸ್ಕ್, ನೈಟ್ರೈಲ್ ಕೈಗವಸು, ಕೆಲಸಕ್ಕೆಂದೇ ಬೇರೆ ಬಟ್ಟೆ. ಮೂಗಿಗೆ ಕರವಸ್ತ್ರ ಕಟ್ಟಿಕೊಂಡರೆ ಸಾಲದು. ನಿಕಲ್ ಸಂಯುಕ್ತಗಳು ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತವೆ ಎಂಬುದು ಖಚಿತವಾಗಿ ಗೊತ್ತಾಗಿರುವ ವಿಷಯ. ಅಪಾಯ ಹೆಚ್ಚು ಇರುವುದು ಧೂಳು ಉಸಿರಿನಲ್ಲಿ ಹೋದಾಗ.

ಲ್ಯಾಬ್‌ನಲ್ಲಿ: 60–70 ಡಿಗ್ರಿಯಲ್ಲಿ ಒಣಗಿಸುವ ಓವನ್, ಸೂಕ್ಷ್ಮ ತಕ್ಕಡಿ, ಮತ್ತು ಲೋಹದ ಪ್ರಮಾಣ ಅಳೆಯುವ ಐಸಿಪಿ ಯಂತ್ರವಿರುವ ಒಂದು ಪ್ರಯೋಗಾಲಯದ ಸಂಪರ್ಕ. ಕೈಯಲ್ಲಿ ಹಿಡಿದೇ ಲೋಹ ಅಳೆಯುವ ಎಕ್ಸ್‌ಆರ್‌ಎಫ್ ಯಂತ್ರ ಸಿಕ್ಕರೆ ಒಳ್ಳೆಯದು. ನಿಕಲ್, ಸತು, ತಾಮ್ರ ಅದರಲ್ಲಿ ಚೆನ್ನಾಗಿ ಕಾಣುತ್ತವೆ. ಆದರೆ ಟನ್ನಿಗೆ ಒಂದೆರಡು ಗ್ರಾಂ ಇರುವ ಚಿನ್ನ ಅದರ ಕಣ್ಣಿಗೆ ಬೀಳುವುದಿಲ್ಲ.

## ಹಂತ 1: ಅನುಮತಿ, ಮತ್ತು ಕಟ್ಟೆಯ ಭದ್ರತೆ

ಗಣಿ ಮುಚ್ಚಿದೆ ಎಂದ ಮಾತ್ರಕ್ಕೆ ಆ ರಾಶಿ ಯಾರದ್ದೂ ಅಲ್ಲ ಎಂದಲ್ಲ. ರಾಶಿಯ ಮೇಲೆ, ಅದರೊಳಗಿನ ಲೋಹದ ಮೇಲೆ, ಕೊನೆಗೆ ಉಳಿಯುವ ಬೂದಿಯ ಮೇಲೆ ಯಾರ ಹಕ್ಕು ಎಂಬುದನ್ನು ಬರಹದಲ್ಲಿ ಪಡೆದುಕೊಳ್ಳಿ. ಇದು ಮೊದಲೇ ಆಗಬೇಕು.

ಅದಿರು ಅರೆದು ಲೋಹ ತೆಗೆದ ಮೇಲೆ ಉಳಿಯುವ ನುಣ್ಣನೆಯ ಕೆಸರಿಗೆ ಟೈಲಿಂಗ್ಸ್ ಅನ್ನುತ್ತಾರೆ. ಅದನ್ನು ಕಟ್ಟೆ ಕಟ್ಟಿ ನಿಲ್ಲಿಸಿರುತ್ತಾರೆ. ಮೇಲೆ ಒಣಗಿ ಗಟ್ಟಿಯಾಗಿ ಕಂಡರೂ ಒಳಗೆ ಹಸಿ ಇರುತ್ತದೆ. ಅಲ್ಲಿ ನೀರಾವರಿ ಶುರು ಮಾಡಿದರೆ ಒಳಗಿನ ನೀರಿನ ಮಟ್ಟ ಏರಿ ಕಟ್ಟೆ ಸಡಿಲವಾಗಬಹುದು. ಕಟ್ಟೆಯ ಇಳಿಜಾರಿನಲ್ಲಿ ಮರ ಬೆಳೆಸಿದರೆ ಬೇರು ಹೋದ ದಾರಿಯಲ್ಲೇ ನೀರು ಜಿನುಗುತ್ತದೆ.

ಎಚ್ಚರಿಕೆಯ ಗುರುತು: ಕಟ್ಟೆಯ ಬುಡದಲ್ಲಿ ಹೊಸ ಒದ್ದೆ, ಬಿರುಕು, ಅಥವಾ ಕೆಸರು ಬೆರೆತ ಒಸರು. ಇದರಲ್ಲಿ ಯಾವುದು ಕಂಡರೂ ಕೆಲಸ ನಿಲ್ಲಿಸಿ, ಕಟ್ಟೆ ನೋಡಿಕೊಳ್ಳುವ ಎಂಜಿನಿಯರ್‌ಗೆ ತಿಳಿಸಿ.

## ಹಂತ 2: ಮಾದರಿ ತೆಗೆದು ಪರೀಕ್ಷೆ ಮಾಡಿಸುವುದು

ಒಂದೇ ಕಡೆ ಒಂದು ಹಿಡಿ ಮಣ್ಣು ತೆಗೆದು ಕಳಿಸಿದರೆ ಏನೂ ಗೊತ್ತಾಗುವುದಿಲ್ಲ. ಟೈಲಿಂಗ್ಸ್ ಹರಿದು ಬಂದು ನಿಂತ ವಸ್ತು. ಪೈಪಿನ ಬಾಯಿಯ ಹತ್ತಿರ ಮರಳು, ದೂರದಲ್ಲಿ ಜೇಡಿ. ಲೋಹವೂ ಹಾಗೇ ಹೆಚ್ಚುಕಡಿಮೆ ಇರುತ್ತದೆ. ಜಾಗವನ್ನು ಬಣ್ಣ ಮತ್ತು ಕಣದ ಗಾತ್ರ ನೋಡಿ ತುಂಡುಗಳಾಗಿ ವಿಂಗಡಿಸಿ. ಪ್ರತಿ ತುಂಡಿನಲ್ಲೂ ಹತ್ತಾರು ಕಡೆ, ಬೇರು ಇಳಿಯುವ 20 ಸೆಂ.ಮೀ. ಆಳದವರೆಗೆ ತೆಗೆದು ಬೆರೆಸಿ. ನೆರಳಿನಲ್ಲಿ ಒಣಗಿಸಿ, ಜರಡಿ ಹಿಡಿದು ಕಳಿಸಿ.

ಕೇಳಬೇಕಾದ ಪರೀಕ್ಷೆಗಳು ಇವು:

- ಪಿಎಚ್ ಮತ್ತು ಇಸಿ
- ಒಟ್ಟು ಲೋಹ
- ಗಿಡಕ್ಕೆ ಸಿಗುವ ಲೋಹ, ಅಂದರೆ ಡಿಟಿಪಿಎ ಪರೀಕ್ಷೆ
- ಸಾರಜನಕ, ರಂಜಕ, ಪೊಟ್ಯಾಷ್, ಕ್ಯಾಲ್ಸಿಯಂ, ಮೆಗ್ನೀಸಿಯಂ
- ಗಂಧಕದ ಪ್ರಮಾಣ, ಜೊತೆಗೆ ಮುಂದೆ ಹುಳಿಯಾಗುತ್ತದೆಯೇ ಎಂದು ನೋಡುವ ಪರೀಕ್ಷೆ
- ಆರ್ಸೆನಿಕ್, ಕ್ಯಾಡ್ಮಿಯಂ, ಸೀಸ, ಪಾದರಸ. ನಿಮಗೆ ಬೇಕಿಲ್ಲದಿದ್ದರೂ ಇವು ಅಲ್ಲಿರಬಹುದು.

ಬಹಳ ಜನ ಮುಗ್ಗರಿಸುವುದು ಎರಡನೆಯ ಮತ್ತು ಮೂರನೆಯ ಪರೀಕ್ಷೆಯ ವ್ಯತ್ಯಾಸದಲ್ಲಿ. ಒಟ್ಟು ಲೋಹ ಕಿಲೋಗೆ 2000 ಮಿಲಿಗ್ರಾಂ ಎಂದು ವರದಿ ಬಂದ ಕೂಡಲೇ ಖುಷಿಪಡುತ್ತಾರೆ. ಆದರೆ ಅದರಲ್ಲಿ ಹೆಚ್ಚಿನದು ಆಲಿವಿನ್, ಸರ್ಪೆಂಟೈನ್‌ನಂಥ ಖನಿಜಗಳ ಒಳಗೆ ಬಂಧಿಯಾಗಿರುತ್ತದೆ. ಬೇರು ಕುಡಿಯುವುದು ನೀರಿನಲ್ಲಿ ಕರಗಿದ್ದನ್ನು. ಡಿಟಿಪಿಎ ಸಂಖ್ಯೆ ಇಲ್ಲದೆ ಮುಂದಿನ ಹಂತಕ್ಕೆ ಹೋಗಲೇಬೇಡಿ.

ಗಂಧಕದ ವಿಷಯ ಇನ್ನೊಂದು. ಕಬ್ಬಿಣ, ಗಂಧಕ ಸೇರಿದ ಪೈರೈಟ್ ಎಂಬ ಖನಿಜ ಇರುವ ತ್ಯಾಜ್ಯದ ಪಿಎಚ್ ಈವತ್ತು 7 ಇರಬಹುದು. ಗಾಳಿ, ನೀರು ತಾಗಿ ಗಂಧಕಾಮ್ಲ ಹುಟ್ಟಿದ ಮೇಲೆ ಅದೇ ಜಾಗ 3ಕ್ಕೆ ಇಳಿಯಬಹುದು. ಹೈಡ್ರೋಜನ್ ಪೆರಾಕ್ಸೈಡ್ ಹಾಕಿ ಕುದಿಸಿ ಪಿಎಚ್ ನೋಡುವ ಪರೀಕ್ಷೆಯಲ್ಲಿ 4.5ಕ್ಕಿಂತ ಕೆಳಗೆ ಬಂದರೆ ಆ ತ್ಯಾಜ್ಯ ಮುಂದೆ ಹುಳಿಯಾಗುವ ಜಾತಿಯದು ಎಂದು ಲೆಕ್ಕ.

## ಹಂತ 3: ಕಾಗದದ ಮೇಲೆ ಲೆಕ್ಕ

ಇಡೀ ಕೆಲಸದಲ್ಲಿ ಅತಿ ಅಗ್ಗದ ಹಂತ ಇದು. ಪೆನ್ನು, ಕಾಗದ ಸಾಕು.

ಒಂದು ಹೆಕ್ಟೇರ್ ಅಂದರೆ 10,000 ಚದರ ಮೀಟರ್. 20 ಸೆಂ.ಮೀ. ಆಳಕ್ಕೆ 2000 ಘನ ಮೀಟರ್. ಒಂದು ಘನ ಮೀಟರ್ ಸುಮಾರು 1.3 ಟನ್ ತೂಗುತ್ತದೆ ಎಂದುಕೊಂಡರೆ ಒಟ್ಟು 2600 ಟನ್ ಮಣ್ಣು. ಡಿಟಿಪಿಎ ನಿಕಲ್ ಕಿಲೋಗೆ 100 ಮಿಲಿಗ್ರಾಂ ಇದ್ದರೆ ಗಿಡದ ಕೈಗೆಟುಕುವ ನಿಕಲ್ 260 ಕಿಲೋ.

ಈಗ ಇನ್ನೊಂದು ಕಡೆಯಿಂದ. ಹೆಕ್ಟೇರಿಗೆ 8 ಟನ್ ಒಣ ಸೊಪ್ಪು, ಅದರಲ್ಲಿ ಶೇ. 1 ನಿಕಲ್. ಅಂದರೆ ಒಂದು ಬೆಳೆಗೆ 80 ಕಿಲೋ. ಮೂರು ಬೆಳೆಗೆ ಈ ದಾಸ್ತಾನು ಹೆಚ್ಚುಕಡಿಮೆ ಮುಗಿಯುತ್ತದೆ. ಖನಿಜದಿಂದ ಸ್ವಲ್ಪ ಸ್ವಲ್ಪ ಮತ್ತೆ ಬಿಡುಗಡೆಯಾಗುತ್ತದೆ, ಆದರೆ ಅದು ನಿಧಾನ. ಡಿಟಿಪಿಎ ಸಂಖ್ಯೆ 10 ಇದ್ದರೆ? ಬರೀ 26 ಕಿಲೋ. ಒಂದು ಬೆಳೆಗೂ ಸಾಲದು. ಅಲ್ಲಿಗೆ ಯೋಜನೆ ಮುಗಿಯಿತು.

ಚಿನ್ನಕ್ಕೂ ಇದೇ ಲೆಕ್ಕ ಹಾಕಿ. ಟನ್ನಿಗೆ 1 ಗ್ರಾಂ ಇರುವ ತ್ಯಾಜ್ಯದ ಒಂದು ಹೆಕ್ಟೇರಿನಲ್ಲಿ, 20 ಸೆಂ.ಮೀ. ಆಳದಲ್ಲಿ 2.6 ಕಿಲೋ ಚಿನ್ನ ಇದೆ. ಕೇಳಲು ಚೆಂದ. ಆದರೆ 10 ಟನ್ ಒಣ ಸೊಪ್ಪಿನಲ್ಲಿ ಕಿಲೋಗೆ 10 ಮಿಲಿಗ್ರಾಂ ಬಂದರೆ ಸಿಗುವುದು 100 ಗ್ರಾಂ. ಒಂದು ಕಿಲೋ ಬೇಕೆಂದರೆ ಸೊಪ್ಪಿನಲ್ಲಿ ಕಿಲೋಗೆ 100 ಮಿಲಿಗ್ರಾಂ ಇರಬೇಕು. ಮಾಮೂಲಿ ಗಿಡಗಳಲ್ಲಿ ಚಿನ್ನ ಕಿಲೋಗೆ 0.01 ಮಿಲಿಗ್ರಾಂ ಆಸುಪಾಸು. ಕಿಲೋಗೆ 1 ಮಿಲಿಗ್ರಾಂ ದಾಟಿದರೇ ಅದನ್ನು ಅಸಾಮಾನ್ಯ ಎಂದು ಪರಿಗಣಿಸುತ್ತಾರೆ.

ಈ ಲೆಕ್ಕದಿಂದ ಕಳೆಯಬೇಕಾದದ್ದೂ ಇದೆ: ಗೊಬ್ಬರ, ಕೂಲಿ, ಬೇಲಿ, ಪರೀಕ್ಷೆಯ ಖರ್ಚು, ಬೂದಿ ಸಾಗಣೆ. ಪರೀಕ್ಷೆಯ ಖರ್ಚನ್ನು ಎಲ್ಲರೂ ಕಡಿಮೆ ಅಂದಾಜು ಮಾಡುತ್ತಾರೆ.

## ಹಂತ 4: ಯಾವ ಲೋಹ ಎಂದು ತೀರ್ಮಾನಿಸುವುದು

ನಿಕಲ್. ಹೊಸಬರಿಗೆ ನನ್ನ ಸಲಹೆ ಇದೊಂದೇ. ಲೋಹವನ್ನು ಅತಿಯಾಗಿ ಹೀರುವ ಗಿಡಗಳು ಇಲ್ಲಿಯವರೆಗೆ 700ಕ್ಕೂ ಹೆಚ್ಚು ಜಾತಿ ಗೊತ್ತಿವೆ. ಅವುಗಳಲ್ಲಿ 500ಕ್ಕೂ ಹೆಚ್ಚು ನಿಕಲ್‌ನವೇ. ಒಣ ಎಲೆಯಲ್ಲಿ ಕಿಲೋಗೆ 1000 ಮಿಲಿಗ್ರಾಂ ನಿಕಲ್ ದಾಟಿದರೆ ಆ ಗುಂಪಿಗೆ ಸೇರಿಸುತ್ತಾರೆ. ಆದರೆ ಗಣಿಗಾರಿಕೆಯ ಲೆಕ್ಕದಲ್ಲಿ 1000 ಸಾಲದು, 10,000 ಬೇಕು. ಆ ಮಟ್ಟ ಮುಟ್ಟುವ ಜಾತಿಗಳು ಕಡಿಮೆ. ನಿಕಲ್ ಲ್ಯಾಟರೈಟ್ ಗಣಿಯಲ್ಲಿ ತೆಗೆದು ಹಾಕಿದ ಮೇಲ್ಮಣ್ಣು, ಸರ್ಪೆಂಟೈನ್ ಕಲ್ಲಿನ ಮಣ್ಣು ಇದಕ್ಕೆ ಒಗ್ಗುತ್ತವೆ.

ಕೋಬಾಲ್ಟ್. ಸಾಮಾನ್ಯವಾಗಿ ನಿಕಲ್ ಜೊತೆಗೇ ಬರುವ ಉಪಲಾಭ. ಇದನ್ನೇ ನಂಬಿ ಇಳಿಯಬೇಡಿ.

ಸತು, ಕ್ಯಾಡ್ಮಿಯಂ. ನೊಕ್ಕಿಯಾ ಕೆರುಲೆಸೆನ್ಸ್ ಎಂಬ ಪುಟ್ಟ ಗಿಡ ಸತುವನ್ನು ಭರ್ಜರಿಯಾಗಿ ಹೀರುತ್ತದೆ. ತೊಂದರೆ ಏನೆಂದರೆ ಗಿಡ ಅಂಗೈಯಷ್ಟು, ಸತು ಅಗ್ಗ. ಮಣ್ಣು ಶುದ್ಧಿಗೆ ಸರಿ, ಲಾಭಕ್ಕಲ್ಲ.

ಅಪರೂಪದ ಭಸ್ಮ ಧಾತುಗಳು (ರೇರ್ ಅರ್ಥ್). ಡೈಕ್ರಾನಾಪ್ಟೆರಿಸ್ ಲೀನಿಯಾರಿಸ್ ಎಂಬ ಜರೀಗಿಡ ದಕ್ಷಿಣ ಚೀನಾದ ಗಣಿ ಪ್ರದೇಶಗಳಲ್ಲಿ ತಾನಾಗಿ ಬೆಳೆದು, ಎಲೆಯಲ್ಲಿ ಕಿಲೋಗೆ 2000 ಮಿಲಿಗ್ರಾಂ ದಾಟಿದ ದಾಖಲೆ ಇದೆ. ಆದರೆ ಜರೀಗಿಡವನ್ನು ಹೊಲದಲ್ಲಿ ಬೆಳೆಯಾಗಿ ಎಬ್ಬಿಸುವುದು ಸುಲಭವಲ್ಲ.

ತಾಮ್ರ, ಸೀಸ. ಇವು ಬೇರಿನಲ್ಲೇ ಉಳಿಯುತ್ತವೆ. ಲೋಹ ಕರಗಿಸುವ ಇಡಿಟಿಎ ಎಂಬ ರಾಸಾಯನಿಕ ಸುರಿದರೆ ಮೇಲೆ ಬರುತ್ತವೆ ಎಂದು ಯಾರಾದರೂ ಹೇಳಬಹುದು. ಬರುವುದು ನಿಜ. ಆದರೆ ಇಡಿಟಿಎ ಮಣ್ಣಿನಲ್ಲಿ ಬೇಗ ಕೊಳೆತು ನಾಶವಾಗುವುದಿಲ್ಲ. ಲೋಹವನ್ನು ಹಿಡಿದುಕೊಂಡು ಅಂತರ್ಜಲಕ್ಕೆ ಇಳಿಯುತ್ತದೆ. ತೆರೆದ ಜಾಗದಲ್ಲಿ ಇದನ್ನು ಮಾಡಬೇಡಿ.

ಚಿನ್ನ. ಇದರ ದಾರಿಯೇ ಬೇರೆ. 10ನೇ ಹಂತದಲ್ಲಿ ಬರುತ್ತದೆ.

## ಹಂತ 5: ಗಿಡ ಮತ್ತು ಬೀಜ

ಮೊದಲ ನಿಯಮ: ಆ ತ್ಯಾಜ್ಯದ ಮೇಲೆ ಅಥವಾ ಅಕ್ಕಪಕ್ಕದ ಅದೇ ಬಗೆಯ ಮಣ್ಣಿನಲ್ಲಿ ಈಗಾಗಲೇ ಏನು ಬೆಳೆದಿದೆ ನೋಡಿ. ಆ ಹವೆಗೆ, ಆ ಮಣ್ಣಿಗೆ ಒಗ್ಗಿದ ಗಿಡ ಅಲ್ಲೇ ಇರಬಹುದು.

ನಿಕಲ್ ಹುಡುಕಲು ಸುಲಭದ ಉಪಾಯ ಇದೆ. ಡೈಮಿಥೈಲ್ ಗ್ಲೈಆಕ್ಸಿಮ್ ಎಂಬ ಪುಡಿಯ ಶೇ. 1 ದ್ರಾವಣವನ್ನು ಆಲ್ಕೊಹಾಲ್‌ನಲ್ಲಿ ಮಾಡಿ, ಬಿಳಿ ಫಿಲ್ಟರ್ ಕಾಗದ ಅದ್ದಿ ಒಣಗಿಸಿಟ್ಟುಕೊಳ್ಳಿ. ತೊಳೆದ ಹಸಿ ಎಲೆಯನ್ನು ಕಾಗದದ ಮೇಲಿಟ್ಟು ಬೆರಳಿನಿಂದ ಜಜ್ಜಿ. ನಿಕಲ್ ತುಂಬಿದ ಎಲೆಯಾದರೆ ರಸ ತಾಗಿದ ಜಾಗ ಕೆಲವೇ ಕ್ಷಣಗಳಲ್ಲಿ ಗುಲಾಬಿಯಾಗಿ, ಆಮೇಲೆ ಕಡುಗೆಂಪಿಗೆ ತಿರುಗುತ್ತದೆ. ಎಲೆಯ ಅಂಚಿನ ಆಕಾರವೂ ಕಾಗದದಲ್ಲಿ ಮೂಡುವುದುಂಟು. ಬಣ್ಣ ಬರದಿದ್ದರೆ ಮುಂದಿನ ಗಿಡಕ್ಕೆ ಹೋಗಿ. ಎಲೆ ತೊಳೆಯದೆ ಮಾಡಿದರೆ ಧೂಳಿನ ನಿಕಲ್ ಸುಳ್ಳು ಹೇಳುತ್ತದೆ.

ಹೊಲದಲ್ಲಿ ಕೆಲಸ ಮಾಡಿ ತೋರಿಸಿದ ಜಾತಿಗಳಲ್ಲಿ ಎರಡನ್ನು ಹೇಳುತ್ತೇನೆ. ತಂಪು ಮತ್ತು ಮಧ್ಯಮ ಹವೆಗೆ ಓಡೊಂಟಾರೀನಾ ಕಾಲ್ಸಿಡಿಕಾ, ಹಳೆಯ ಹೆಸರು ಅಲಿಸಮ್ ಮುರಾಲೆ. ಹಳದಿ ಹೂವಿನ, ಸಾಸಿವೆ ಕುಟುಂಬದ ಗಿಡ. ಅಲ್ಬೇನಿಯಾದಲ್ಲಿ ಇದರ ಮೇಲೆ ಐದು ವರ್ಷದ ಹೊಲದ ಪ್ರಯೋಗ ನಡೆದಿದೆ. ಬಿಸಿ, ಮಳೆ ಜಾಸ್ತಿ ಇರುವ ಕಡೆಗೆ ಮಲೇಷ್ಯಾದ ಸಬಾದಲ್ಲಿ ಬೆಳೆಸುವ ಫಿಲಾಂಥಸ್ ರುಫುಸ್‌ಚಾನೆಯಿ. ನೆಲ್ಲಿ, ನೆಲನೆಲ್ಲಿಗಳ ಕುಲಕ್ಕೇ ಸೇರಿದ್ದು. ಪೊದೆಯಾಗಿ ಬೆಳೆಯುತ್ತದೆ, ಕತ್ತರಿಸಿದರೆ ಮತ್ತೆ ಚಿಗುರುತ್ತದೆ.

ಮಾಮೂಲಿ ತಪ್ಪುಗಳು:

- ನ್ಯೂ ಕ್ಯಾಲೆಡೋನಿಯಾದ ಪಿಕ್ನಾಂಡ್ರಾ ಅಕ್ಯುಮಿನಾಟಾ ಮರದ ನೀಲಿ-ಹಸಿರು ಹಾಲಿನ ವಿಡಿಯೋ ನೋಡಿ ಅದೇ ಬೇಕು ಅನ್ನುವುದು. ಒಣಗಿದ ಹಾಲಿನಲ್ಲಿ ಶೇ. 25ರಷ್ಟು ನಿಕಲ್ ಇರುವುದು ನಿಜ. ಆದರೆ ಮರ ಆಮೆಯ ವೇಗದಲ್ಲಿ ಬೆಳೆಯುತ್ತದೆ. ಬೆಳೆಗೆ ಆಗುವುದಿಲ್ಲ.
- ಲಾವಂಚ ನೆಟ್ಟು ಲೋಹಕ್ಕೆ ಕಾಯುವುದು. ಲಾವಂಚ ಒಳ್ಳೆಯ ಗಿಡ, ಮಣ್ಣು ಕೊಚ್ಚಿಹೋಗದಂತೆ ಹಿಡಿಯುತ್ತದೆ. ಲೋಹವನ್ನು ಮಾತ್ರ ಬಹುಪಾಲು ಬೇರಿನಲ್ಲೇ ಇಟ್ಟುಕೊಳ್ಳುತ್ತದೆ.
- ಹೊರದೇಶದ ಬೀಜ ತಂದು ಸುಮ್ನೆ ಚೆಲ್ಲುವುದು. ಅಮೆರಿಕದ ಆರೆಗಾನ್‌ನಲ್ಲಿ ನಿಕಲ್‌ಗಾಗಿ ತಂದ ಅಲಿಸಮ್ ಹೊಲ ದಾಟಿ ಹರಡಿತು. ಅಲ್ಲಿನ ಅಪರೂಪದ ಗಿಡಗಳಿರುವ ಸರ್ಪೆಂಟೈನ್ ಜಾಗಗಳಿಗೂ ನುಗ್ಗಿತು. ಕೊನೆಗೆ ಅದನ್ನು ಅಪಾಯಕಾರಿ ಕಳೆ ಎಂದು ಪಟ್ಟಿ ಮಾಡಿ, ಕಿತ್ತು ಹಾಕುವ ಕೆಲಸ ಶುರುವಾಯಿತು.

ಅಲಿಸಮ್‌ನಂಥ ಗಿಡಗಳ ಬೀಜ ಸಣ್ಣದು. ಆಳಕ್ಕೆ ಹೂತರೆ ಮೊಳಕೆ ಮೇಲೆ ಬರುವುದಿಲ್ಲ. ಸಸಿಮಡಿಯಲ್ಲಿ ಮೇಲ್ಮೈಗೆ ಹಾಕಿ, ತೆಳ್ಳಗೆ ಮರಳು ಉದುರಿಸಿದರೆ ಸಾಕು. ಸಸಿಮಡಿಯ ಮಣ್ಣಿಗೆ ಸ್ವಲ್ಪ ತ್ಯಾಜ್ಯದ ಮಣ್ಣನ್ನೂ ಬೆರೆಸಿ. ಬರೀ ಗೊಬ್ಬರದಲ್ಲಿ ಬೆಳೆದ ಸಸಿ ತ್ಯಾಜ್ಯಕ್ಕೆ ಇಳಿಸಿದ ಮೇಲೆ ಬಾಡಬಹುದು.

## ಹಂತ 6: ಕುಂಡದ ಪ್ರಯೋಗ

ಇದನ್ನು ಬಿಟ್ಟು ನೇರ ಹೊಲಕ್ಕೆ ಹೋಗುವವರೇ ಜಾಸ್ತಿ. ಒಂದು ಹಂಗಾಮು ಕಾಯಲು ಬೇಸರ, ಅಷ್ಟೇ.

ಮೂರು ಬಗೆಯ ಕುಂಡ ಮಾಡಿ: ಬರೀ ತ್ಯಾಜ್ಯ, ತ್ಯಾಜ್ಯದ ಜೊತೆ ರಾಸಾಯನಿಕ ಗೊಬ್ಬರ, ತ್ಯಾಜ್ಯದ ಜೊತೆ ಕಾಂಪೋಸ್ಟ್. ಪ್ರತಿ ಬಗೆಗೂ ಕನಿಷ್ಠ ನಾಲ್ಕು ಕುಂಡ. ಹೋಲಿಕೆಗೆ ಮಾಮೂಲಿ ಮಣ್ಣಿನ ನಾಲ್ಕು. ಕೆಳಗಿನ ತಟ್ಟೆಗೆ ಇಳಿದ ನೀರನ್ನು ಮತ್ತೆ ಕುಂಡಕ್ಕೇ ಸುರಿಯಿರಿ. ಇಲ್ಲದಿದ್ದರೆ ಲೋಹ ಎಲ್ಲಿ ಹೋಯಿತು ಎಂಬ ಲೆಕ್ಕ ತಪ್ಪುತ್ತದೆ.

ಕೊಯ್ದ ಎಲೆಯನ್ನು ಮೊದಲು ನಲ್ಲಿ ನೀರು, ಆಮೇಲೆ ಭಟ್ಟಿ ಇಳಿಸಿದ ನೀರಿನಲ್ಲಿ ಬೇಗ ಬೇಗ ತೊಳೆಯಿರಿ. ನೆನೆಹಾಕಬೇಡಿ. 60–70 ಡಿಗ್ರಿಯಲ್ಲಿ ತೂಕ ಇಳಿಯುವುದು ನಿಲ್ಲುವವರೆಗೆ ಒಣಗಿಸಿ. ಪುಡಿ ಮಾಡುವಾಗ ಜೋಕೆ: ಸ್ಟೇನ್‌ಲೆಸ್ ಸ್ಟೀಲ್ ಬ್ಲೇಡಿನ ಮಿಕ್ಸರ್ ಬಳಸಬೇಡಿ. ಆ ಸ್ಟೀಲಿನಲ್ಲೇ ನಿಕಲ್, ಕ್ರೋಮಿಯಂ ಇವೆ. ಪಿಂಗಾಣಿ ಅಥವಾ ಅಗೇಟ್ ಕಲ್ಲಿನ ಕುಟ್ಟಾಣಿ ಸರಿ. ಲ್ಯಾಬಿಗೆ ಕಳಿಸುವಾಗ ಎಲೆ ಪುಡಿ ಹಾಕದ ಖಾಲಿ ಮಾದರಿಯನ್ನೂ, ಲೋಹದ ಪ್ರಮಾಣ ಮೊದಲೇ ಗೊತ್ತಿರುವ ಪ್ರಮಾಣಿತ ಎಲೆ ಪುಡಿಯನ್ನೂ ಜೊತೆಗೆ ಓಡಿಸಲು ಹೇಳಿ.

ವರದಿ ಬಂದಾಗ ನಿಮ್ಮ ಲೋಹವನ್ನಷ್ಟೇ ನೋಡಬೇಡಿ. ಕ್ರೋಮಿಯಂ, ಟೈಟಾನಿಯಂ, ಕಬ್ಬಿಣ ಮೂರೂ ಒಟ್ಟಿಗೆ ಏರಿದ್ದರೆ ಅದು ಎಲೆಗೆ ಅಂಟಿದ ಧೂಳು. ಗಿಡ ಅವನ್ನು ಅಷ್ಟು ಹೀರುವುದಿಲ್ಲ. ಅಂಥ ಮಾದರಿಯ ನಿಕಲ್ ಸಂಖ್ಯೆಯನ್ನೂ ನಂಬಬೇಡಿ.

ತೀರ್ಮಾನ ಮಾಡುವಾಗ ಎರಡು ಸಂಖ್ಯೆಗಳನ್ನು ಗುಣಿಸಿ: ಒಣ ತೂಕ ಮತ್ತು ಲೋಹದ ಶೇಕಡಾ. ಕಾಂಪೋಸ್ಟ್ ಹಾಕಿದ ಕುಂಡದಲ್ಲಿ ಗಿಡ ಎರಡು ಪಟ್ಟು ದೊಡ್ಡದಾಗಿ, ಲೋಹ ಮೂರರಲ್ಲಿ ಒಂದು ಪಾಲಿಗೆ ಇಳಿದರೆ ನಿಮಗೆ ನಷ್ಟವೇ. ಕಾಂಪೋಸ್ಟಿನ ಸಾವಯವ ಅಂಶ ಲೋಹವನ್ನು ಹಿಡಿದಿಟ್ಟುಕೊಳ್ಳುವುದರಿಂದ ಹೀಗಾಗುತ್ತದೆ. ಗಿಡದ ಎತ್ತರ ನೋಡಿ ಮೋಸ ಹೋಗುವುದು ಇಲ್ಲೇ.

## ಹಂತ 7: ನೆಲ ಹದ ಮಾಡುವುದು

ಟೈಲಿಂಗ್ಸ್ ಮಣ್ಣಲ್ಲ. ಅದರಲ್ಲಿ ಸಾರಜನಕ ಇಲ್ಲ, ಜೀವಾಣು ಇಲ್ಲವೆನ್ನುವಷ್ಟು ಕಡಿಮೆ, ಒಣಗಿದರೆ ಸಿಮೆಂಟಿನ ಹಾಗೆ ಬಿಗಿಯುತ್ತದೆ. ಮಾಡಬೇಕಾದ ಕ್ರಮ ಇದು.

ಮೊದಲು ಬಿಗಿದ ಪದರ ಒಡೆಯಿರಿ. ಬೇರು ಇಳಿಯುವಷ್ಟು ಮಾತ್ರ. ಧೂಳು ಏಳದಂತೆ ಸ್ವಲ್ಪ ತೇವವಿದ್ದಾಗ ಮಾಡಿ.

ಆಮೇಲೆ ಉಪ್ಪು. ಇಸಿ ಮೀಟರಿಗೆ 4 ಡೆಸಿ ಸೀಮೆನ್ಸ್ ದಾಟಿದ್ದರೆ ಬಹಳಷ್ಟು ಗಿಡ ಒದ್ದಾಡುತ್ತವೆ. ಮೇಲ್ಮೈಯಲ್ಲಿ ಬಿಳಿ ಪುಡಿ ಕಟ್ಟಿರುವುದು ಇದರ ಗುರುತು. ಒಂದು ಮಳೆಗಾಲ ತೊಳೆಯಲು ಬಿಡುವುದು ಸುಲಭ, ಆದರೆ ಹರಿದ ನೀರು ಹಳ್ಳಕ್ಕೆ ಸೇರದಂತೆ ಹಿಡಿದಿಡಲು ಏರ್ಪಾಡು ಇರಬೇಕು.

ಮೂರನೆಯದು ಹುಳಿ. ಸುಣ್ಣ ಎಷ್ಟು ಬೇಕೆಂಬುದನ್ನು ಇವತ್ತಿನ ಪಿಎಚ್ ನೋಡಿ ಹಾಕಬೇಡಿ. 2ನೇ ಹಂತದ ಗಂಧಕದ ವರದಿ ನೋಡಿ ಲೆಕ್ಕ ಮಾಡಿಸಿ. ನೆಲದಲ್ಲಿ ಕಿತ್ತಳೆ ಬಣ್ಣದ ಕಲೆ, ನೀರು ನಿಂತ ಕಡೆ ತುಕ್ಕಿನ ಕೆನೆ ಕಂಡರೆ ಹುಳಿ ಹುಟ್ಟುತ್ತಲೇ ಇದೆ ಎಂದರ್ಥ. ಇಂಥ ಕಡೆ ಲೋಹದ ಆಸೆ ಬಿಟ್ಟು ನೆಲ ಮುಚ್ಚುವ ಬೆಳೆಯ ಬಗ್ಗೆ ಯೋಚಿಸುವುದೇ ವಾಸಿ. ಇನ್ನೊಂದು ಮಾತು: ಪಿಎಚ್ ಏರಿಸಿದರೆ ಲೋಹ ಗಿಡಕ್ಕೆ ಸಿಗುವುದು ಕಡಿಮೆಯಾಗುತ್ತದೆ ಎಂಬುದು ಸಾಮಾನ್ಯ ನಿಯಮ. ಆದರೆ ಸರ್ಪೆಂಟೈನ್ ಮಣ್ಣಿನಲ್ಲಿ ಅಲಿಸಮ್ ಜಾತಿಗಳು ಪಿಎಚ್ ಏರಿದಾಗ ನಿಕಲ್ ಹೆಚ್ಚು ಹೀರಿದ್ದು ಕಂಡುಬಂದಿದೆ. ನಿಮ್ಮ ಕುಂಡದ ಫಲಿತಾಂಶವನ್ನೇ ನಂಬಿ.

ಕೊನೆಗೆ ಗೊಬ್ಬರ. ಕಾಡುಗಿಡಕ್ಕೆ ಗೊಬ್ಬರ ಯಾಕೆ ಎನ್ನಬೇಡಿ. ಅಲ್ಬೇನಿಯಾದ ಪ್ರಯೋಗದಲ್ಲಿ ತಾನಾಗಿ ಬೆಳೆದ ಗಿಡಗಳಿಂದ ಹೆಕ್ಟೇರಿಗೆ 0.3 ಟನ್ ಒಣ ಸೊಪ್ಪು, 1.7 ಕಿಲೋ ನಿಕಲ್ ಸಿಕ್ಕಿತ್ತು. ಬಿತ್ತಿ, ಗೊಬ್ಬರ ಹಾಕಿ, ಕೊಯ್ಲಿನ ಸಮಯ ಸರಿ ಮಾಡಿದ ಮೇಲೆ 9 ಟನ್ ಸೊಪ್ಪು, 105 ಕಿಲೋ ನಿಕಲ್. ಹೆಕ್ಟೇರಿಗೆ 100 ಕಿಲೋ ಸಾರಜನಕವನ್ನು ಕಂತುಗಳಲ್ಲಿ ಕೊಟ್ಟದ್ದು ಚೆನ್ನಾಗಿ ಹಿಡಿಯಿತು. ಎಲೆಯ ನಿಕಲ್ ಪ್ರಮಾಣ ಅದರಿಂದ ಇಳಿಯಲಿಲ್ಲ. ಕಾಂಪೋಸ್ಟ್ ಹಾಕುವುದಾದರೆ ಮೇಲೆ ದಪ್ಪ ಪದರ ಹಾಸಬೇಡಿ, ಆಳಕ್ಕೆ ಬೆರೆಸಿ.

## ಹಂತ 8: ನಾಟಿ ಮತ್ತು ಆರೈಕೆ

ಅಲಿಸಮ್ ಬಗೆಯ ಗಿಡಕ್ಕೆ ಚದರ ಮೀಟರಿಗೆ ನಾಲ್ಕು ಸಸಿ. ಸಂಜೆ ಹೊತ್ತು ನೆಡಿ. ಮೊದಲ ಕೆಲವು ವಾರ ನೀರು ಕೊಡಿ, ಆಮೇಲೆ ಗಿಡ ಬೇಡುವಷ್ಟೇ.

ಹುಲ್ಲಿನ ಜಾತಿಯ ಕಳೆ ದೊಡ್ಡ ಶತ್ರು. ಗೊಬ್ಬರ ತಿನ್ನುತ್ತದೆ. ಕೊಯ್ಲಿನಲ್ಲಿ ಜೊತೆ ಸೇರಿದರೆ ಬೂದಿಯನ್ನು ಸಪ್ಪೆ ಮಾಡುತ್ತದೆ. ಬೆಳೆ ಒತ್ತಾಗಿ ನೆಲ ಮುಚ್ಚಿದ ಮೇಲೆ ಈ ಕಾಟ ಕಡಿಮೆಯಾಗುತ್ತದೆ.

ಬೇಲಿ ಕಡ್ಡಾಯ. ದನ, ಕುರಿ, ಮೇಕೆ ಒಳಗೆ ಬರಬಾರದು. ಕೊಯ್ದ ಸೊಪ್ಪು ಯಾರ ಕೊಟ್ಟಿಗೆಗೂ ಹೋಗಬಾರದು, ಸೌದೆಗೂ ಬಳಸಬಾರದು.

ಗಿಡ ಏನು ಹೇಳುತ್ತಿದೆ ನೋಡಿ:

- ನರ ಹಸಿರಾಗಿದ್ದು ಎಳೆ ಎಲೆ ಹಳದಿಯಾದರೆ ಕಬ್ಬಿಣದ ಕೊರತೆ. ಬೇರೆ ಲೋಹ ಜಾಸ್ತಿಯಾದಾಗಲೂ ಹೀಗಾಗುತ್ತದೆ.
- ಎಲೆ ನೇರಳೆ ಬಣ್ಣಕ್ಕೆ ತಿರುಗಿದರೆ ರಂಜಕ ಸಾಲದು.
- ಬೇರು ಮೊಂಡಾಗಿ ಕಪ್ಪಾದರೆ ಹುಳಿ ಅಥವಾ ವಿಷ. ಒಂದು ಗಿಡ ಕಿತ್ತೇ ನೋಡಬೇಕು.
- ಗಿಡ ಸೊಂಪಾಗಿದೆ, ಪರೀಕ್ಷಾ ಕಾಗದ ಮಾತ್ರ ಬಣ್ಣ ಬಿಡುತ್ತಿಲ್ಲ. ಬೇರೆಲ್ಲ ಮೇಲಿನ ಕಾಂಪೋಸ್ಟ್ ಪದರದಲ್ಲೇ ಸುತ್ತಾಡುತ್ತಿದೆ, ತ್ಯಾಜ್ಯಕ್ಕೆ ಇಳಿದೇ ಇಲ್ಲ. ಬಗೆದು ನೋಡಿದರೆ ಎರಡು ಪದರದ ನಡುವೆ ಬೇರು ಚಾಪೆಯಂತೆ ಹರಡಿರುವುದು ಕಾಣುತ್ತದೆ.

## ಹಂತ 9: ಕೊಯ್ಲು

ಅಲಿಸಮ್‌ಗೆ ಸರಿಯಾದ ಸಮಯ ಹೂವು ಅರ್ಧ ಅರಳಿದಾಗ. ಸೊಪ್ಪಿನ ತೂಕ, ನಿಕಲ್ ಎರಡೂ ಆಗ ಹೆಚ್ಚು. ಇನ್ನೂ ಬೆಳೆಯಲಿ ಎಂದು ಬೀಜ ಕಟ್ಟುವವರೆಗೆ ಕಾದರೆ ಎಲೆ ಉದುರುತ್ತದೆ. ನಿಕಲ್ ಇರುವುದೇ ಹೆಚ್ಚಾಗಿ ಎಲೆಯಲ್ಲಿ. ಉದುರಿದ್ದೆಲ್ಲ ಮತ್ತೆ ಮಣ್ಣಿಗೇ. ಬೀಜ ಹಾರಿ ಅಕ್ಕಪಕ್ಕ ಹರಡುವ ಅಪಾಯ ಬೇರೆ. ಮುಂದಿನ ಬೆಳೆಗೆ ಬೀಜ ಬೇಕಾದರೆ ಒಂದು ಸಣ್ಣ ಮಡಿ ಬೇರೆ ಬಿಟ್ಟುಕೊಳ್ಳಿ.

ನೆಲದಿಂದ ಸುಮಾರು 10 ಸೆಂ.ಮೀ. ಮೇಲೆ ಕತ್ತರಿಸಿ. ಬುಡ ಸಮೇತ ಕಿತ್ತರೆ ಮಣ್ಣು ಜೊತೆ ಬರುತ್ತದೆ, ಗಿಡವೂ ಮತ್ತೆ ಚಿಗುರುವುದಿಲ್ಲ. ಫಿಲಾಂಥಸ್ ಬಗೆಯ ಪೊದೆಗಾದರೆ ಕೊಂಬೆ ಸವರಿ, ಬುಡ ಬಿಡಿ.

ತಾಡಪಾಲಿನ ಮೇಲೆ, ಸೂರಿನ ಕೆಳಗೆ ಒಣಗಿಸಿ. ಎಲೆಯಲ್ಲಿರುವ ನಿಕಲ್‌ನ ದೊಡ್ಡ ಪಾಲು ನೀರಿಗೆ ಕರಗುವಂಥದ್ದು. ಕೊಯ್ದು ಹಾಕಿದ ಸೊಪ್ಪಿನ ಮೇಲೆ ಒಂದು ಜೋರು ಮಳೆ ಬಿದ್ದರೆ ವರ್ಷದ ಫಸಲು ಚರಂಡಿ ಪಾಲು.

## ಹಂತ 10: ಚಿನ್ನದ ಬೇರೆ ದಾರಿ

ಚಿನ್ನವನ್ನು ಯಾವ ಗಿಡವೂ ತಾನಾಗಿ ಲಾಭ ಬರುವಷ್ಟು ಹೀರುವುದಿಲ್ಲ. ಚಿನ್ನ ನೀರಿನಲ್ಲಿ ಕರಗುವುದೇ ಇಲ್ಲ ಅಲ್ವಾ? ಹಾಗಾಗಿ ಮೊದಲು ಬೇಗ ಬೆಳೆಯುವ, ಸೊಪ್ಪು ಹೆಚ್ಚು ಬರುವ ಗಿಡವನ್ನು ಪೂರ್ತಿ ಬೆಳೆಸುತ್ತಾರೆ. ಆಮೇಲೆ ಮಣ್ಣಿಗೆ ಚಿನ್ನ ಕರಗಿಸುವ ರಾಸಾಯನಿಕ ಕೊಡುತ್ತಾರೆ. ಗಿಡ ಅದನ್ನು ನೀರಿನ ಜೊತೆ ಎಳೆದುಕೊಂಡು, ಕೆಲವು ದಿನಗಳಲ್ಲಿ ಬಾಡುತ್ತದೆ. ಪೂರ್ತಿ ಒಣಗುವ ಮೊದಲು ಕೊಯ್ಯುತ್ತಾರೆ. 1998ರಲ್ಲಿ ವಿಜ್ಞಾನಿಗಳಾದ ಕ್ರಿಸ್ ಆಂಡರ್ಸನ್, ರಾಬರ್ಟ್ ಬ್ರೂಕ್ಸ್ ಮತ್ತು ಜೊತೆಗಾರರು ಸಾಸಿವೆ ಜಾತಿಯ ಬ್ರಾಸಿಕಾ ಜನ್ಸಿಯಾಗೆ ಅಮೋನಿಯಂ ಥಯೋಸಯನೇಟ್ ಕೊಟ್ಟು ಇದು ಸಾಧ್ಯ ಎಂದು ತೋರಿಸಿದರು.

ಇಲ್ಲಿ ಕ್ರಮ ತಪ್ಪಿದರೆ ಎಲ್ಲವೂ ಹೋಯಿತು. ಸಣ್ಣ ಗಿಡಕ್ಕೆ ರಾಸಾಯನಿಕ ಕೊಟ್ಟರೆ ಅದು ಸಾಯುತ್ತದೆ, ಚಿನ್ನ ಕರಗಿ ಕೆಳಗಿಳಿಯುತ್ತದೆ, ಜೊತೆಗೆ ತಾಮ್ರ, ಪಾದರಸದಂಥವೂ.

ಆದ್ದರಿಂದ ಮೂರು ಷರತ್ತು. ಒಂದು, ಕೆಳಗೆ ನೀರು ಇಳಿಯದ ಹಾಸು ಹಾಕಿ, ಬಸಿದ ನೀರನ್ನು ಹಿಡಿಯುವ ತೊಟ್ಟಿ ಇರುವ ಜಾಗದಲ್ಲಿ ಮಾತ್ರ. ಎರಡು, ಚಿನ್ನ ಕರಗಿಸುವ ಇನ್ನೊಂದು ರಾಸಾಯನಿಕವಾದ ಸಯನೈಡನ್ನು ಪರವಾನಗಿ ಇರುವ ಗಣಿ ಸಂಸ್ಥೆ ಬಿಟ್ಟು ಬೇರೆ ಯಾರೂ ಮುಟ್ಟಬಾರದು. ಹುಳಿ ಟೈಲಿಂಗ್ಸ್‌ಗೆ ಸಯನೈಡ್ ತಾಗಿದರೆ ಕೊಲ್ಲುವ ಅನಿಲ ಏಳುತ್ತದೆ. ಮೂರು, ಹಕ್ಕಿ ಮತ್ತು ಪ್ರಾಣಿಗಳು ಬರದಂತೆ ಬಲೆ. ಈ ಮೂರರಲ್ಲಿ ಒಂದು ಇಲ್ಲದಿದ್ದರೂ ಚಿನ್ನ ಬಿಟ್ಟುಬಿಡಿ.

## ಹಂತ 11: ಸುಡುವುದು, ಬೂದಿಯಿಂದ ಲೋಹ

ತೆರೆದ ಜಾಗದಲ್ಲಿ ರಾಶಿ ಹಾಕಿ ಸುಡಬೇಡಿ. ಗಾಳಿಗೆ ಬೂದಿ ಹಾರುತ್ತದೆ. ಕ್ಯಾಡ್ಮಿಯಂ, ಆರ್ಸೆನಿಕ್, ಪಾದರಸ, ಸೆಲೆನಿಯಂ ಇದ್ದರೆ ಹೊಗೆಯ ಜೊತೆಗೇ ಹೋಗುತ್ತವೆ. ನಿಕಲ್ ಬೂದಿಯಲ್ಲೇ ನಿಲ್ಲುತ್ತದೆ, ಆದರೆ ಆ ಬೂದಿ ನುಣ್ಣನೆಯ ವಿಷದ ಧೂಳು. ಹೊಗೆ ಸೋಸುವ ವ್ಯವಸ್ಥೆ ಇರುವ ಮುಚ್ಚಿದ ಕುಲುಮೆಯಲ್ಲಿ, ಸುಮಾರು 550 ಡಿಗ್ರಿಯಲ್ಲಿ ಸುಡಬೇಕು.

ಶೇ. 1ಕ್ಕಿಂತ ಹೆಚ್ಚು ನಿಕಲ್ ಇದ್ದ ಸೊಪ್ಪು ಬೂದಿಯಾದ ಮೇಲೆ ಅದರಲ್ಲಿ ಶೇ. 10 ದಾಟುವುದುಂಟು. ನಿಕಲ್ ಲ್ಯಾಟರೈಟ್ ಅದಿರಿನಲ್ಲಿ ಸಾಮಾನ್ಯವಾಗಿ ಶೇ. 1ರಿಂದ 2. ಹಾಗಾಗಿ ಬೂದಿಯನ್ನೇ ಶುದ್ಧೀಕರಣ ಘಟಕಕ್ಕೆ ಅದಿರಿನಂತೆ ಕೊಡುವುದು ಸಣ್ಣವರಿಗೆ ಸುಲಭದ ದಾರಿ. ಅವರು ಕನಿಷ್ಠ ಎಷ್ಟು ತೂಕ ತೆಗೆದುಕೊಳ್ಳುತ್ತಾರೆ, ಯಾವ ಅಶುದ್ಧಿ ಒಪ್ಪುವುದಿಲ್ಲ ಎಂದು ಬಿತ್ತುವ ಮೊದಲೇ ಕೇಳಿ.

ಘಟಕದಲ್ಲಿ ನಡೆಯುವುದು ಸ್ಥೂಲವಾಗಿ ಹೀಗೆ: ಬೂದಿಯನ್ನು ನೀರಿನಲ್ಲಿ ತೊಳೆದು ಪೊಟ್ಯಾಷ್ ತೆಗೆಯುತ್ತಾರೆ. ಬಿಸಿ ಗಂಧಕಾಮ್ಲದಲ್ಲಿ ನಿಕಲ್ ಕರಗಿಸುತ್ತಾರೆ. ಸುಣ್ಣದಿಂದ ಹುಳಿ ತಗ್ಗಿಸಿ ಕಬ್ಬಿಣ ಕೆಳಗಿಳಿಸುತ್ತಾರೆ. ಸೋಡಿಯಂ ಫ್ಲೋರೈಡ್ ಹಾಕಿ ಮೆಗ್ನೀಸಿಯಂ ಬೇರೆ ಮಾಡುತ್ತಾರೆ. ಆಮೇಲೆ ಅಮೋನಿಯಂ ಸಲ್ಫೇಟ್ ಬೆರೆಸಿ ತಣ್ಣಗೆ ಮಾಡಿದರೆ ನಿಕಲ್ ಲವಣದ ನೀಲಿ-ಹಸಿರು ಹರಳುಗಳು ಕೂರುತ್ತವೆ. ಆಮ್ಲ, ಫ್ಲೋರೈಡ್ ಎರಡೂ ಇರುವ ಈ ಕೆಲಸ ಮನೆಯ ಶೆಡ್ಡಿನಲ್ಲಿ ಮಾಡುವಂಥದ್ದಲ್ಲ.

## ಹಂತ 12: ಯಾವಾಗ ನಿಲ್ಲಿಸಬೇಕು

ಪ್ರತಿ ಕೊಯ್ಲಿನ ನಂತರ ಅದೇ ಜಾಗಗಳಿಂದ ಮಣ್ಣು ತೆಗೆದು ಡಿಟಿಪಿಎ ಮಾಡಿಸಿ. ಮಣ್ಣಿನಲ್ಲಿ ಇಳಿದದ್ದು ಮತ್ತು ಸೊಪ್ಪಿನಲ್ಲಿ ಬಂದದ್ದು ಹತ್ತಿರ ಹತ್ತಿರ ಇರಬೇಕು. ಮಣ್ಣಿನಲ್ಲಿ ಇಳಿದದ್ದು ಬಹಳ, ಸೊಪ್ಪಿನಲ್ಲಿ ಬಂದದ್ದು ಸ್ವಲ್ಪ ಅಂದರೆ ಲೋಹ ನೀರಿನ ಜೊತೆ ಎಲ್ಲೋ ಹೋಗುತ್ತಿದೆ. ಆ ಕೂಡಲೇ ತಗ್ಗಿನ ಬಾವಿ, ಹಳ್ಳದ ನೀರು ಪರೀಕ್ಷಿಸಿ.

ಸತತ ಎರಡು ಬೆಳೆಯಲ್ಲಿ ಎಲೆಯ ಲೋಹ ಇಳಿಯುತ್ತಾ ಬಂದು, ಖರ್ಚು ಹುಟ್ಟದ ಮಟ್ಟ ತಲುಪಿದರೆ ಮೂರನೆಯದನ್ನು ಹಾಕಬೇಡಿ. ಹಾಗಂತ ಜಾಗವನ್ನು ಬೋಳಾಗಿ ಬಿಟ್ಟು ಹೋಗುವಂತಿಲ್ಲ. ಹೀರುವ ಗಿಡಗಳನ್ನು ತೆಗೆದು, ಲೋಹವನ್ನು ಮೇಲಕ್ಕೆ ತರದ ಹುಲ್ಲು, ಪೊದೆಗಳಿಂದ ನೆಲ ಮುಚ್ಚಿ. ಲಾವಂಚಕ್ಕೆ ಸರಿಯಾದ ಜಾಗ ಇದೇ. ಒಟ್ಟು ಲೋಹದ ಬಹುಪಾಲು ಇನ್ನೂ ಮಣ್ಣಿನಲ್ಲೇ ಇದೆ, ನೀವು ತೆಗೆದದ್ದು ಕರಗುವ ಪಾಲನ್ನು ಮಾತ್ರ. ಹಾಗಾಗಿ ಬೇಲಿ ಕೀಳಬೇಡಿ, ಅಲ್ಲಿ ತರಕಾರಿ ಹಾಕಲು ಯಾರಿಗೂ ಬಿಡಬೇಡಿ, ಮತ್ತು ಪರೀಕ್ಷೆಯ ವರದಿಗಳ ಒಂದು ಪ್ರತಿಯನ್ನು ಜಾಗದ ಒಡೆಯರ ಕೈಗೆ ಕೊಡಿ.